21 ದಿನದ ಮಸಾಜ್ ಕೋರ್ಸಿನಲ್ಲಿ ಕೈ ಪಳಗುತ್ತದಾ?

ನೀರ್ಚಾಲಿನ ಓದುಗಿ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಕಾಸರಗೋಡು ಪೇಟೆಯಲ್ಲಿ ಒಂದು ಸಂಸ್ಥೆಯವರು ಆಯುರ್ವೇದ ಮಸಾಜ್ ಕೋರ್ಸು ನಡೆಸುತ್ತಾರೆ. ಒಟ್ಟು 21 ದಿನ, ಭಾನುವಾರ ರಜೆ, ದಿನಕ್ಕೆ ಐದು ಗಂಟೆ ಕ್ಲಾಸು. ಅಭ್ಯಂಗ (ಮೈಗೆಲ್ಲ ಎಣ್ಣೆ ಹಚ್ಚಿ ತಿಕ್ಕುವುದು), ಉದ್ವರ್ತನ (ಪುಡಿ ಹಚ್ಚಿ ತಿಕ್ಕುವುದು), ಪೊಡಿಕ್ಕಿಳಿ, ಇಲಕ್ಕಿಳಿ, ನವರಕ್ಕಿಳಿ (ಪುಡಿ, ಎಲೆ, ನವರ ಅಕ್ಕಿಯ ಅನ್ನವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಸಿ ಕೊಡುವ ಮೂರು ಬಗೆಯ ಕಿಳಿ), ಪಿಳಿಚ್ಚಿಲ್ (ಬಿಸಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮೈಮೇಲೆ ಹಿಂಡುವುದು), ಶಿರೋಧಾರ (ಹಣೆಗೆ ಎಣ್ಣೆಯ ಧಾರೆ), ಸ್ವೀಡಿಷ್ ಮಸಾಜ್, ಪಾದದ ಮಸಾಜ್ ಅಂತ ಒಂಬತ್ತು ಬಗೆ ಕಲಿಸುತ್ತಾರಂತೆ. ಕೊನೆಗೆ ಸರ್ಟಿಫಿಕೇಟ್. ಆಟಿ ತಿಂಗಳಿಗೆ (ಜುಲೈ ನಡುವಿನಿಂದ ಶುರುವಾಗುವ ಮಳೆಗಾಲದ ತಿಂಗಳು) ಮೊದಲು ಮುಗಿಸಿದರೆ ಬೇಕಲದ ಕಡೆ ರೆಸಾರ್ಟುಗಳಲ್ಲಿ ಕೆಲಸ ಸಿಗುತ್ತದೆ ಅಂತ ಹೇಳಿದರು.

ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಮಲಯಾಳ ಮಾತಾಡಲು ಬರುತ್ತದೆ, ಓದುವುದು ನಿಧಾನ. ಮನೆಯಲ್ಲಿ ಎರಡು ಮಕ್ಕಳು, ಅತ್ತೆ. ಸರ್ಕಾರದ ಒಂದು ವರ್ಷದ ಕೋರ್ಸಿಗೆ ಊರು ಬಿಟ್ಟು ಹೋಗುವುದು ಸದ್ಯಕ್ಕೆ ಆಗದ ಮಾತು. ಫೀಸು ಕಟ್ಟಲು ಒಂದು ಬಳೆ ಅಡವಿಡಬೇಕು. ಹಾಗಾಗಿ ಕೇಳುತ್ತಿದ್ದೇನೆ. ಇಷ್ಟು ದಿನದಲ್ಲಿ ನಿಜವಾಗಿ ಕೈಗೆ ಅಭ್ಯಾಸ ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಂಬಳೆಯ ಥೆರಪಿಸ್ಟ್

ಅಕ್ಕಾ, ಬಳೆ ಅಡವಿಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ನಾನು ಇದೇ ಕೆಲಸದಲ್ಲಿ ಇರುವವಳು. ಕೋರ್ಸು ಎಷ್ಟು ದಿನ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ನಿಮ್ಮ ಕೈ ಇನ್ನೊಬ್ಬರ ಮೈಮೇಲೆ ಎಷ್ಟು ಗಂಟೆ ಇರುತ್ತದೆ, ಅದರಲ್ಲಿ ಎಷ್ಟು ಹೊತ್ತು ಕಲಿಸುವವರ ಕಣ್ಣು ನಿಮ್ಮ ಕೈಮೇಲೆ ಇರುತ್ತದೆ, ಇದನ್ನು ಲೆಕ್ಕ ಹಾಕಬೇಕು. ನೀವು ಕೊಟ್ಟ ವಿವರದಿಂದಲೇ ಹಾಕಿ ನೋಡೋಣ.

21 ದಿನದಲ್ಲಿ ಮೂರು ಭಾನುವಾರ ಹೋದರೆ 18 ದಿನ. ದಿನಕ್ಕೆ ಐದು ಗಂಟೆಯಂತೆ 90 ಗಂಟೆ. ಇದರಲ್ಲಿ ಬೆಳಗ್ಗೆ ಎರಡು ಗಂಟೆ ಥಿಯರಿ ಇದ್ದೇ ಇರುತ್ತದೆ. ಮೂಳೆ, ಮಾಂಸಖಂಡ, ಮರ್ಮ, ಎಣ್ಣೆಗಳ ಹೆಸರು. 36 ಗಂಟೆ ಅಲ್ಲಿಗೆ ಹೋಯಿತು. ಉಳಿದದ್ದು 54. ಪ್ರತಿದಿನ ಮೇಡಂ ಒಂದು ಗಂಟೆಯಾದರೂ ಮಾಡಿ ತೋರಿಸಬೇಕು ಅಲ್ವಾ? ಅದು 18 ಗಂಟೆ. ಉಳಿಯಿತು 36.

ಈಗ ಬ್ಯಾಚಿನಲ್ಲಿ 18 ಜನ, ಆರು ಮೇಜು ಅಂತ ಇಟ್ಟುಕೊಳ್ಳಿ. ಮೇಜಿಗೆ ಮೂವರು. ಒಬ್ಬರು ಮಲಗುತ್ತಾರೆ, ಇಬ್ಬರು ಎರಡು ಬದಿಯಲ್ಲಿ ನಿಲ್ಲುತ್ತಾರೆ. ಸರದಿ ಬದಲಾಯಿಸುವಾಗ ನಿಮಗೆ ಸಿಗುವುದು 24 ಗಂಟೆ. ಆ 24ನ್ನು ಒಂಬತ್ತು ಬಗೆಗೆ ಹಂಚಿದರೆ ಒಂದೊಂದಕ್ಕೆ 2 ಗಂಟೆ 40 ನಿಮಿಷ. ಒಂದು ಪೂರ್ತಿ ಅಭ್ಯಂಗಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅಂದರೆ ಇಡೀ ಕೋರ್ಸಿನಲ್ಲಿ ನೀವು ಅಭ್ಯಂಗ ಮಾಡುವುದು ಮೂರು ಸಲ. ಕಿಳಿ ಕಟ್ಟಲು, ಎಣ್ಣೆ ಬಿಸಿ ಮಾಡಲು, ಮೇಜು ಒರೆಸಲು ಹೋಗುವ ಹೊತ್ತು ಇದರಲ್ಲಿ ಸೇರಿಲ್ಲ. ಪರೀಕ್ಷೆಯ ದಿನವೂ ಸೇರಿಲ್ಲ.

ಇನ್ನು ಕಲಿಸುವವರ ಕಣ್ಣು. ಆ 36 ಗಂಟೆಯನ್ನು 18 ಜನರಿಗೆ ಸಮನಾಗಿ ಹಂಚಿದರೂ ಒಬ್ಬರಿಗೆ ಎರಡೇ ಗಂಟೆ. ಮೂರು ವಾರದಲ್ಲಿ ಎರಡು ಗಂಟೆ! ಹೆಬ್ಬೆರಳು ಹಿಂದಕ್ಕೆ ಮಡಚಿಕೊಂಡು ಒತ್ತುತ್ತಿದ್ದೀರಿ, ಭುಜ ಮೇಲೆತ್ತಿ ಕೆಲಸ ಮಾಡುತ್ತಿದ್ದೀರಿ ಅಂತ ಹೇಳಬೇಕಾದವರು ಆಗ ಇನ್ನೊಂದು ಮೇಜಿನಲ್ಲಿ ಇರುತ್ತಾರೆ. ಈ ಅಭ್ಯಾಸ ಒಮ್ಮೆ ಕೈಗೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಪಿಳಿಚ್ಚಿಲ್ ಬಗ್ಗೆ ಬೇರೆಯೇ ಕೇಳಿ. ಅದಕ್ಕೆ ಲೀಟರುಗಟ್ಟಲೆ ಬಿಸಿ ಎಣ್ಣೆ ಬೇಕು, ದ್ರೋಣಿ (ಮಲಗಿಸುವ ಮರದ ತೊಟ್ಟಿಯಂಥ ಮೇಜು) ಬೇಕು. ಸಣ್ಣ ಕೋರ್ಸುಗಳಲ್ಲಿ ಖರ್ಚು ಉಳಿಸಲು ಒಬ್ಬರನ್ನು ಮಲಗಿಸಿ ಇಡೀ ಬ್ಯಾಚಿಗೆ ತೋರಿಸಿ ಮುಗಿಸುತ್ತಾರೆ. ನಿಮ್ಮ ಕೈಗೆ ಎಣ್ಣೆಯ ಬಟ್ಟೆ ಸಿಗುವುದು ಐದು ನಿಮಿಷ. ಆದರೂ ಸರ್ಟಿಫಿಕೇಟಿನಲ್ಲಿ ಪಿಳಿಚ್ಚಿಲ್ ಅಂತ ಬರೆದಿರುತ್ತದೆ.

ಉಪ್ಪಳದ ಹುಡುಗ

ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಾನು ಸಣ್ಣ ಕೋರ್ಸೇ ಮಾಡಿದ್ದು. ಮಂಗಳೂರಿನಲ್ಲಿ, ಟ್ರೈನಿನಲ್ಲಿ ಹೋಗಿ ಬಂದು. ಈಗ ಕೆಲಸದಲ್ಲಿದ್ದೇನೆ, ಮನೆ ನಡೆಯುತ್ತಿದೆ. ಒಂದು ವರ್ಷ ಸಂಪಾದನೆ ಇಲ್ಲದೆ ಕಲಿಯಲು ಎಲ್ಲರಿಗೂ ಆಗುವುದಿಲ್ಲ. ಸಣ್ಣ ಕೋರ್ಸು ಇಲ್ಲದಿದ್ದರೆ ನಮ್ಮಂಥವರಿಗೆ ಬಾಗಿಲೇ ಇಲ್ಲ.

ತೆಂಗಿನ ಮರ ಹತ್ತುವ ತರಬೇತಿ ನೋಡಿ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಶುರು ಮಾಡಿದ್ದು. ಆರೇ ದಿನದ್ದು. ಅದರಲ್ಲಿ ಕಲಿತ ಎಷ್ಟೋ ಜನ ನಮ್ಮ ಕಡೆ ಇವತ್ತಿಗೂ ಮರ ಹತ್ತಿ ಜೀವನ ಮಾಡುತ್ತಿದ್ದಾರೆ. ಬುಡ ಹಾಕಿಕೊಟ್ಟರೆ ಸಾಕು, ಉಳಿದದ್ದು ಕೆಲಸ ಮಾಡುತ್ತಾ ಬರುತ್ತದೆ. ಥಾಯ್ಲೆಂಡಿನ ವಾಟ್ ಫೋ ಕೇಳಿದ್ದೀರಾ? ಅಷ್ಟು ಹೆಸರುವಾಸಿ ಶಾಲೆ. ಅಲ್ಲಿಯೂ ಸಾಮಾನ್ಯ ಥಾಯ್ ಮಸಾಜ್ ಕೋರ್ಸು 30 ಗಂಟೆಯದ್ದೇ, ಐದು ದಿನ.

ಕುಂಬಳೆಯ ಥೆರಪಿಸ್ಟ್

ಉಪ್ಪಳದ ತಮ್ಮಾ, ಬಾಗಿಲು ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ನೀನು ಕೊಟ್ಟ ಎರಡು ಉದಾಹರಣೆಯೂ ನನ್ನ ಮಾತಿಗೇ ಬರುತ್ತವೆ. ಮರ ಹತ್ತುವ ತರಬೇತಿಯಲ್ಲಿ ಕಲಿಸುವುದು ಒಂದೇ ಯಂತ್ರ, ಒಂದೇ ಕೆಲಸ. ಆರು ದಿನವೂ ಅದನ್ನೇ ಹತ್ತಿ ಇಳಿಯುತ್ತಾರೆ. ವಾಟ್ ಫೋದಲ್ಲಿಯೂ 30 ಗಂಟೆಗೆ ಒಂದೇ ಕ್ರಮ. ಮೊದಲಿನಿಂದ ಕೊನೆವರೆಗೆ ಅದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಅದರ ಮೇಲಿನ ಹಂತಗಳಿಗೆ ಬೇರೆ ಕೋರ್ಸು ಇದೆ. ಇಲ್ಲಿ 24 ಗಂಟೆಯಲ್ಲಿ ಒಂಬತ್ತು. ಇದೇ 21 ದಿನದಲ್ಲಿ ಬರೀ ಅಭ್ಯಂಗ ಮತ್ತು ಒಂದು ಕಿಳಿ ಕಲಿಸುತ್ತೇವೆ ಅಂದಿದ್ದರೆ ನಾನೇ ಸೇರಿ ಅನ್ನುತ್ತಿದ್ದೆ.

ಟೆಕ್ಸಾಸ್‌ನಲ್ಲಿರುವ ಎಣ್ಮಕಜೆಯವ

ಊರಿನ ಚರ್ಚೆ ನೋಡಿ ಖುಷಿಯಾಯಿತು. ಇಲ್ಲಿನ ಲೆಕ್ಕ ಹೇಳುತ್ತೇನೆ, ಹೋಲಿಸಿ ನೋಡಲು ಆಗುತ್ತದೆ. ನನ್ನ ಹೆಂಡತಿ ಇಲ್ಲಿ ಮಸಾಜ್ ಲೈಸೆನ್ಸಿಗೆ ಓದಿದವಳು. ಟೆಕ್ಸಾಸ್ ರಾಜ್ಯದಲ್ಲಿ ಲೈಸೆನ್ಸ್ ಬೇಕಾದರೆ 500 ಗಂಟೆಯ ಕೋರ್ಸು ಕಡ್ಡಾಯ. ಅದರಲ್ಲಿ 200 ಗಂಟೆ ಮಸಾಜಿನ ತಂತ್ರಕ್ಕೆ. ಆ 200ರಲ್ಲಿ ಕನಿಷ್ಠ 125 ಗಂಟೆ ಸ್ವೀಡಿಷ್ ಒಂದಕ್ಕೇ ಮೀಸಲು. ಮತ್ತೆ 50 ಗಂಟೆ ಇಂಟರ್ನ್‌ಶಿಪ್. ಅಂದರೆ ಹೊರಗಿನಿಂದ ಬರುವ ಗಿರಾಕಿಗಳಿಗೆ ಶಾಲೆಯವರ ಮೇಲ್ವಿಚಾರಣೆಯಲ್ಲಿ ಮಾಡುವುದು. ನ್ಯೂಯಾರ್ಕಿನಲ್ಲಿ 1000 ಗಂಟೆ.

ಅವಳು ಹೇಳುವುದು ಆ ಇಂಟರ್ನ್‌ಶಿಪ್ಪಿನಲ್ಲೇ ಜಾಸ್ತಿ ಕಲಿತದ್ದು ಅಂತ. ಜೊತೆಗೆ ಕಲಿಯುವವರು ಮಲಗಿದಾಗ ಅವರಿಗೆ ಮುಂದೆ ಏನು ಬರುತ್ತದೆ ಅಂತ ಗೊತ್ತಿರುತ್ತದೆ. ಕೈ ಎತ್ತಬೇಕಾದಾಗ ಅವರೇ ಎತ್ತಿ ಕೊಡುತ್ತಾರೆ, ತಿರುಗಬೇಕಾದಾಗ ತಿರುಗುತ್ತಾರೆ. ನೋವಾದರೂ ಸ್ನೇಹಕ್ಕೆ ಸುಮ್ಮನಿರುತ್ತಾರೆ. ಗುರುತಿಲ್ಲದವರು ಮೈ ಬಿಗಿ ಹಿಡಿದು ಮಲಗುತ್ತಾರೆ. ಅವರ ತೋಳು ಎತ್ತಲು ಹೋದರೆ ಕಲ್ಲಿನ ಭಾರ. ಅವರನ್ನು ಸಡಿಲ ಮಾಡಿಸುವುದು ಬೇರೆಯೇ ವಿದ್ಯೆ.

ಪೆರ್ಲದ ಆಯುರ್ವೇದ ವೈದ್ಯೆ

ಗಂಟೆಯ ಲೆಕ್ಕ ಬಹಳ ಚೆನ್ನಾಗಿ ಬಂದಿದೆ. ಅದರೊಳಗೆ ಏನು ಬಿಟ್ಟುಹೋಗುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ. ಕೋರ್ಸು ಚಿಕ್ಕದಾದಾಗ ಮೊದಲು ಕತ್ತರಿ ಬೀಳುವುದು ಯಾರಿಗೆ ಮಾಡಬಾರದು ಅನ್ನುವ ಭಾಗಕ್ಕೆ. ಅದನ್ನು ಒಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿ ಬಿಡುತ್ತಾರೆ. ಪಟ್ಟಿ ಗೊತ್ತಿದ್ದರೆ ಸಾಲದು, ಮೈ ನೋಡಿದಾಗ ಗುರುತು ಸಿಗಬೇಕು.

ಕಫ ಹೆಚ್ಚಾದವರಿಗೆ, ಆಗಷ್ಟೇ ಶೋಧನೆ (ವಾಂತಿ, ಭೇದಿ ಮಾಡಿಸಿ ಮೈ ಶುದ್ಧಿ ಮಾಡುವ ಚಿಕಿತ್ಸೆ) ಮಾಡಿಸಿಕೊಂಡವರಿಗೆ, ಅಜೀರ್ಣ ಇದ್ದವರಿಗೆ ಅಭ್ಯಂಗ ಬೇಡ ಅಂತ ಅಷ್ಟಾಂಗಹೃದಯ ಅನ್ನುವ ಹಳೆಯ ಆಯುರ್ವೇದ ಗ್ರಂಥ ದಿನಚರ್ಯೆಯ ಅಧ್ಯಾಯದಲ್ಲೇ ಹೇಳುತ್ತದೆ. ಜ್ವರ ಇದ್ದಾಗಲೂ ನಾವು ಮಾಡಿಸುವುದಿಲ್ಲ. ಇವು ಕೇಳಿದರೆ ಗೊತ್ತಾಗುವಂಥವು. ಕೇಳಿದರೂ ಗೊತ್ತಾಗದವು ಬೇರೆ ಇವೆ. ದೂರದ ವಿಮಾನ ಪ್ರಯಾಣ ಮಾಡಿ ಬಂದ ಅತಿಥಿ ಮೀನಖಂಡ ನೋಯುತ್ತದೆ, ಚೆನ್ನಾಗಿ ಉಜ್ಜಿ ಅನ್ನುತ್ತಾರೆ. ಎರಡು ಕಾಲನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಕಾಲು ಊದಿಕೊಂಡು ಬಿಸಿಯಾಗಿದ್ದರೆ ಕೈ ಹಿಂದೆ ತೆಗೆಯಿರಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿ ತಿಕ್ಕಿದರೆ ಆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ಜೀವಕ್ಕೇ ಅಪಾಯ.

ಇನ್ನೊಂದು ನಮ್ಮ ಜಿಲ್ಲೆಯಲ್ಲಿ ದಿನಾ ಎದುರಾಗುವುದು. ಸಕ್ಕರೆ ಕಾಯಿಲೆ ಹಳತಾದವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಆಗಿರುತ್ತದೆ. ಇಲಕ್ಕಿಳಿ ಹಿಡಿದು ಬಿಸಿ ಸಾಕಾ ಅಂತ ಕೇಳಿದರೆ ಇನ್ನೂ ಬೇಕು ಅನ್ನುತ್ತಾರೆ. ಅವರ ಮಾತು ನಂಬಿ ಇಟ್ಟರೆ ಬೊಬ್ಬೆ ಬರುತ್ತದೆ, ಆ ಗಾಯ ಒಣಗುವುದು ತಿಂಗಳುಗಟ್ಟಲೆ. ಕಿಳಿಯನ್ನು ಪ್ರತಿ ಸಲ ನಿಮ್ಮ ಅಂಗೈಯ ಹಿಂಬದಿಗೆ ತಾಗಿಸಿ ನೋಡಿಯೇ ಇಡಬೇಕು. ಬಾಣಲೆಯಿಂದ ತೆಗೆದಾಗ ಇರುವ ಬಿಸಿ, ಮೈಗೆ ನಾಲ್ಕು ಸಲ ತಾಗಿಸಿದ ಮೇಲಿನ ಬಿಸಿ, ಎರಡಕ್ಕೂ ಬಹಳ ವ್ಯತ್ಯಾಸ. ಮೊದಲು ತಟ್ಟಿ ತಟ್ಟಿ ಎತ್ತಬೇಕು, ಬಿಸಿ ಇಳಿದ ಹಾಗೆ ಒತ್ತಿ ಎಳೆಯಬೇಕು. ಇದನ್ನು ಬೋರ್ಡಿನಲ್ಲಿ ಬರೆದು ಕಲಿಸಲು ಆಗುವುದಿಲ್ಲ. ಕಿಳಿ ಹತ್ತಾರು ಸಲ ಕೈಯಲ್ಲಿ ಹಿಡಿಯಬೇಕು.

ಆಸ್ಪತ್ರೆಯಲ್ಲಿ ವೈದ್ಯರು ನೋಡಿ ಬರೆದುಕೊಟ್ಟ ಮೇಲೆ ಥೆರಪಿಸ್ಟ್ ಮಾಡುತ್ತಾರೆ. ಕೆಲವು ಸ್ಪಾಗಳಲ್ಲಿ ಕೋಣೆಯ ಬಾಗಿಲು ಹಾಕಿದ ಮೇಲೆ ತೀರ್ಮಾನ ನಿಮ್ಮದೇ. ಆಗ ಮೂರು ಸಲದ ಅಭ್ಯಾಸ ಯಾವುದಕ್ಕೂ ಸಾಲದು.

ಮುಳ್ಳೇರಿಯದಿಂದ

ನನ್ನ ಅನುಭವ ಹೇಳಲೇಬೇಕು. ಗಡಿಯಾಚೆ ಒಂದು ಕಡೆ ಹತ್ತು ದಿನದ ಕೋರ್ಸಿಗೆ ಸೇರಿದ್ದೆ. ಸಂಸ್ಥೆಯ ಹೆಸರು ಬೇಡ. ಮೊದಲ ವಾರ ಪೂರ್ತಿ ವಿಡಿಯೋ ತೋರಿಸಿದರು. ಆಮೇಲೆ ಉದ್ದ ದಿಂಬಿನ ಮೇಲೆ ಕೈ ಆಡಿಸಲು ಹೇಳಿದರು. ಮನುಷ್ಯರ ಮೈಮೇಲೆ ಕೈ ಇಟ್ಟದ್ದು ಕೊನೆಯ ಎರಡು ದಿನ, ಅದೂ ಬೆನ್ನು ಮಾತ್ರ. ಎಣ್ಣೆ ಖಾಲಿಯಾದ ಮೇಲೆ ಪೌಡರ್ ಹಾಕಿಸಿದರು. ಸರ್ಟಿಫಿಕೇಟ್ ಮಾತ್ರ ಬಣ್ಣ ಬಣ್ಣದ್ದು, ಫ್ರೇಮು ಹಾಕಿ ಕೊಟ್ಟರು.

ಕೆಲಸಕ್ಕೆ ಕೇಳಲು ಹೋದ ಕಡೆ ಅದನ್ನು ಯಾರೂ ಬಿಡಿಸಿ ಸಹ ನೋಡಲಿಲ್ಲ. ಒಳಗೆ ಕರೆದು, ಅಲ್ಲಿನ ಹಿರಿಯ ಥೆರಪಿಸ್ಟ್ ತಾವೇ ಮಲಗಿ, ಮಾಡಿ ತೋರಿಸು ಅಂದರು. ಹತ್ತು ನಿಮಿಷಕ್ಕೆ ಸಾಕು ಅಂದರು. ಕೂಡಿಟ್ಟ ದುಡ್ಡು ಹೋಯಿತು. ನನ್ನ ಜೊತೆ ಕಲಿತವರಲ್ಲಿ ನನಗೆ ತಿಳಿದಂತೆ ಯಾರೂ ಈಗ ಈ ಕೆಲಸದಲ್ಲಿ ಇಲ್ಲ. ಬಡವರ ಹತ್ತಿರ ದುಡ್ಡು ತೆಗೆದುಕೊಂಡು ಹೀಗೆ ಮಾಡುವುದು ಬಹಳ ಅನ್ಯಾಯ. ನನಗೆ ಈಗಲೂ ಸಿಟ್ಟು ಬರುತ್ತದೆ.

ಬೇಕಲದಲ್ಲಿ ಕೆಲಸ ಮಾಡುವವಳು

ಮುಳ್ಳೇರಿಯದ ತಂಗೀ, ಓದಿ ಬೇಸರವಾಯಿತು. ಆ ಹತ್ತು ನಿಮಿಷದಲ್ಲಿ ನಾವು ಏನು ನೋಡುತ್ತೇವೆ ಅಂತ ಹೇಳುತ್ತೇನೆ. ಮಲಗುವವಳು ಎಷ್ಟೋ ಸಲ ನಾನೇ.

ಎಣ್ಣೆಯನ್ನು ನೇರ ಮೈಗೆ ಸುರಿಯುತ್ತಾರಾ, ಅಥವಾ ತಮ್ಮ ಅಂಗೈಗೆ ಹಾಕಿ ಬೆಚ್ಚಗೆ ಮಾಡಿ ಹಚ್ಚುತ್ತಾರಾ. ಬೆನ್ನಿನಿಂದ ಕಾಲಿಗೆ ಹೋಗುವಾಗ ಎರಡೂ ಕೈ ಒಟ್ಟಿಗೆ ಎತ್ತುತ್ತಾರಾ. ಹಾಗೆ ಎತ್ತಿದರೆ ಮಲಗಿದವರಿಗೆ ಥಟ್ಟನೆ ಬಿಟ್ಟುಹೋದ ಹಾಗೆ ಅನಿಸುತ್ತದೆ. ಒತ್ತಡ ಎಲ್ಲಿಂದ ಬರುತ್ತದೆ, ಬೆರಳಿನಿಂದಲಾ, ಸೊಂಟದಿಂದಲಾ. ಹೊಸಬರು ಬೆರಳಿನಿಂದ ಒತ್ತುತ್ತಾರೆ. ಐದನೇ ನಿಮಿಷಕ್ಕೆ ಅವರ ಉಸಿರು ಜೋರಾಗುವುದು ನನಗೆ ಕೇಳುತ್ತದೆ. ಮೊಣಕಾಲಿನ ಹಿಂಬದಿಯಲ್ಲಿ, ಕತ್ತಿನ ಮುಂಬದಿಯಲ್ಲಿ ಕೈ ಹಗುರ ಆಗುತ್ತದಾ. ಬಟ್ಟೆ ಸರಿಸುವಾಗ ಮರ್ಯಾದೆ ಇದೆಯಾ. ಇಷ್ಟು ಸಾಕು, ಗೊತ್ತಾಗುತ್ತದೆ.

ಕೆಲಸ ಮಾಡುತ್ತಾ ಕಲಿಯಬಹುದು ಅಂತ ಉಪ್ಪಳದವರು ಹೇಳಿದ್ದಾರೆ. ಅದು ಸೀಸನ್ ಇಲ್ಲದಾಗ ನಿಜ. ಆಟಿಯಲ್ಲಿ, ಮಲಯಾಳದವರ ಕರ್ಕಿಡಕದಲ್ಲಿ, ಚಿಕಿತ್ಸೆಗೆ ಬರುವವರ ಸಾಲು ಇರುತ್ತದೆ. ಒಬ್ಬೊಬ್ಬರಿಗೆ ಊಟಕ್ಕೂ ಬಿಡುವಿಲ್ಲ. ಹೊಸಬರನ್ನು ನಿಲ್ಲಿಸಿ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಆ ತಿಂಗಳಿಗೆ ಸರಿಯಾಗಿ ಕೋರ್ಸು ಮುಗಿಸಿ ಬಂದವರನ್ನು ಟವೆಲ್ ಮಡಚಲು, ಎಣ್ಣೆ ಬಿಸಿ ಮಾಡಲು ಹಾಕುತ್ತಾರೆ. ಅಕ್ಕ ಬರುವುದಾದರೆ ಮಳೆ ಕಡಿಮೆಯಾದ ಮೇಲೆ ಬರಲಿ.

ಇನ್ನೊಂದು ವಿಷಯ ಕೇಳಿ. ಕೇರಳ ಪ್ರವಾಸೋದ್ಯಮ ಇಲಾಖೆ ಹಸಿರೆಲೆ, ಆಲಿವ್ ಎಲೆ ಅಂತ ಆಯುರ್ವೇದ ಕೇಂದ್ರಗಳಿಗೆ ದರ್ಜೆ ಕೊಡಲು ಶುರು ಮಾಡಿದಾಗಲೇ ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಮಾಡಬೇಕು ಅನ್ನುವ ನಿಯಮ ಇಟ್ಟಿದೆ. ಮಾನ್ಯತೆ ಇರುವ ಸಂಸ್ಥೆಯಲ್ಲಿ ಕಲಿತವರೇ ಬೇಕು ಅಂತಲೂ ಇದೆ. ಆದ್ದರಿಂದ ನಿಮ್ಮ ಬ್ಯಾಚಿನಲ್ಲಿ ಹೆಂಗಸರು ಎಷ್ಟು ಜನ ಅಂತ ಕೇಳಿ. ನಿಮ್ಮ ಅಭ್ಯಾಸ ಆಗುವುದು ಅವರ ಮೇಲೆ ಮಾತ್ರ.

ನೀರ್ಚಾಲಿನ ಓದುಗಿ

ಎಲ್ಲರಿಗೂ ತುಂಬಾ ಉಪಕಾರ. ಇವತ್ತು ಹೋಗಿ ಕೇಳಿ ಬಂದೆ. ಕುಂಬಳೆಯ ಅಕ್ಕ ಹೇಳಿದ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಮೇಡಂ ಸಮಾಧಾನದಿಂದ ಉತ್ತರ ಕೊಟ್ಟರು. ಒಳ್ಳೆಯವರ ಹಾಗೆ ಕಾಣುತ್ತಾರೆ.

ಬ್ಯಾಚಿಗೆ 16ರಿಂದ 18 ಜನ ಸೇರುತ್ತಾರೆ. ಮೇಜು ಆರು, ಅದು ಸರಿಯಾಗಿಯೇ ಬಂತು. ಈ ಸಲ ಹೆಸರು ಕೊಟ್ಟ ಹೆಂಗಸರು ನನ್ನನ್ನೂ ಸೇರಿಸಿ ಐದೇ ಜನ. ಹೊರಗಿನ ಗಿರಾಕಿಗಳು ಯಾರೂ ಬರುವುದಿಲ್ಲ, ನಾವೇ ಒಬ್ಬರ ಮೇಲೆ ಒಬ್ಬರು ಮಾಡುವುದು. ಪಿಳಿಚ್ಚಿಲ್ ಒಂದೇ ದಿನ, ತೋರಿಸುವುದು ಮಾತ್ರ. ಅದನ್ನು ಮುಚ್ಚಿಡದೆ ಹೇಳಿದರು. ಕೋರ್ಸು ಮುಗಿದ ಮೇಲೆ ಬೇಕಾದವರಿಗೆ ಒಂದು ಚಿಕಿತ್ಸಾಲಯಕ್ಕೆ ಕಳಿಸಿಕೊಡುತ್ತಾರೆ, ಎರಡು ತಿಂಗಳವರೆಗೆ ಹೋಗಬಹುದು. ಸಂಬಳ ಇಲ್ಲ. ಅಲ್ಲಿಗೆ ಹೋಗುವವರು ಕಡಿಮೆಯಂತೆ, ಸರ್ಟಿಫಿಕೇಟ್ ಸಿಕ್ಕಿದ ಕೂಡಲೇ ಎಲ್ಲರೂ ಕೆಲಸ ಹುಡುಕುತ್ತಾರೆ.

ನೋಟ್ಸ್ ಮಲಯಾಳದಲ್ಲಿ ಮಾತ್ರ. ಪರೀಕ್ಷೆಯಲ್ಲಿ ಬಾಯಲ್ಲಿ ಉತ್ತರ ಹೇಳಬಹುದು ಅಂದರು.

ಐದು ಜನ ಅಂದರೆ ನನಗೆ ಸಿಗುವುದು ನಾಲ್ಕೇ ಮೈ ಅಲ್ವಾ? ಇದು ನನಗೆ ಹೊಳೆದೇ ಇರಲಿಲ್ಲ.

ಕುಂಬಳೆಯ ಥೆರಪಿಸ್ಟ್

ಹೌದು, ನಾಲ್ಕೇ. ಅದೂ ಹೆಚ್ಚಾಗಿ 20ರಿಂದ 40 ವರ್ಷದವರು, ಗಟ್ಟಿಮುಟ್ಟಾದವರು. ಕೆಲಸಕ್ಕೆ ಸೇರಿದ ಮೇಲೆ ಬರುವವರು 65 ದಾಟಿದವರು, ಮಂಡಿ ಸವೆದವರು, ಕವುಚಿ ಮಲಗಲು ಆಗದವರು. ವಯಸ್ಸಾದವರ ಚರ್ಮ ಎಷ್ಟು ತೆಳು ಅಂದರೆ ಎಣ್ಣೆ ಸ್ವಲ್ಪ ಕಡಿಮೆಯಾದರೂ ಎಳೆಯುತ್ತದೆ.

ಇನ್ನೊಂದು. ಇಬ್ಬರು ಸೇರಿ ಮಾಡುವಾಗ ಒಬ್ಬರು ಎಡಬದಿ, ಒಬ್ಬರು ಬಲಬದಿ. ಒತ್ತಡ, ವೇಗ ಎರಡೂ ಕಡೆ ಒಂದೇ ಇರಬೇಕು, ಅದಕ್ಕೆ ಎದುರಿನವರ ಕೈ ನೋಡುತ್ತಾ ಮಾಡಬೇಕು. ಹೊಸಬರು ಒಂದು ಬದಿಗೆ ಅಂಟಿಕೊಳ್ಳುತ್ತಾರೆ. ಕೋರ್ಸು ಪೂರ್ತಿ ಬಲಬದಿಯಲ್ಲೇ ನಿಂತವರನ್ನು ನಾನು ನೋಡಿದ್ದೇನೆ. ಎಡಕ್ಕೆ ನಿಲ್ಲಿಸಿದರೆ ಕೈ ತಡವರಿಸುತ್ತದೆ. ದಿನ ಬಿಟ್ಟು ದಿನ ಬದಿ ಬದಲಿಸಿ ಅಂತ ಮೊದಲ ದಿನವೇ ಜೊತೆಯವರಿಗೆ ಹೇಳಿಬಿಡಿ.

ಸಂಬಳ ಇಲ್ಲದ ಆ ಎರಡು ತಿಂಗಳು ಇದೆ ನೋಡಿ, ನನ್ನ ಮಟ್ಟಿಗೆ ಕೋರ್ಸಿಗಿಂತ ಅದರ ಬೆಲೆ ಹೆಚ್ಚು. ಅದನ್ನು ಬಿಡಬೇಡಿ.

ಉಪ್ಪಳದ ಹುಡುಗ

ಸಂಬಳ ಇಲ್ಲದೆ ಎರಡು ತಿಂಗಳು ಅಂದರೆ ಮತ್ತೆ ಅದೇ ಕಷ್ಟ ಅಲ್ವಾ? ಬಸ್ಸಿನ ದುಡ್ಡು ಯಾರು ಕೊಡುತ್ತಾರೆ? ಅಕ್ಕನಿಗೆ ಬಳೆ ಬಿಡಿಸಬೇಕು. ಈ ವಿಷಯ ಬಿಟ್ಟು ಮಾತಾಡಿದರೆ ಅರ್ಧ ಮಾತಾಡಿದ ಹಾಗೆ.

ನಾನು ಕೆಲಸಕ್ಕೆ ಸೇರಿದ ಕಡೆ ನನ್ನ ಅದೃಷ್ಟಕ್ಕೆ ಒಬ್ಬ ಹಿರಿಯರಿದ್ದರು, ಕಳರಿಯಿಂದ (ಕೇರಳದ ಯುದ್ಧಕಲೆಯ ಗರಡಿ) ಬಂದವರು. ಮಧ್ಯಾಹ್ನ ಬಿಡುವಾದಾಗ ನನ್ನ ಕೈಯಲ್ಲಿ ತಮ್ಮ ಕಾಲು ಉಜ್ಜಿಸಿಕೊಂಡು ಎಲ್ಲಿ ತಪ್ಪಿತು ಅಂತ ಹೇಳುತ್ತಿದ್ದರು. ಅಂಥವರು ಇದ್ದ ಕಡೆ ಕಡಿಮೆ ಸಂಬಳಕ್ಕಾದರೂ ಸೇರಬಹುದು. ಸರ್ಟಿಫಿಕೇಟ್ ಕೊಟ್ಟವರು ನನ್ನ ಕೈ ತಿದ್ದಲಿಲ್ಲ, ಅವರು ತಿದ್ದಿದರು. ಆ ಮಟ್ಟಿಗೆ ಕುಂಬಳೆಯ ಅಕ್ಕನ ಮಾತು ಸರಿ.

ಪೆರ್ಲದ ಆಯುರ್ವೇದ ವೈದ್ಯೆ

ಉಪ್ಪಳದವರು ಹೇಳಿದ್ದು ನ್ಯಾಯವಾದ ಮಾತು. ದುಡಿಸಿಕೊಂಡು ಬಸ್ಸಿನ ದುಡ್ಡನ್ನೂ ಕೊಡದಿರುವುದು ಸರಿಯಲ್ಲ. ಕೇಳಿ ನೋಡಿ ಅಕ್ಕಾ, ಊಟ ಮತ್ತು ಪ್ರಯಾಣದ ಖರ್ಚು ಕೊಡುವ ಚಿಕಿತ್ಸಾಲಯಗಳೂ ಇವೆ. ವಾರದಲ್ಲಿ ಮೂರು ದಿನ ಮಾತ್ರ ಬರುತ್ತೇನೆ ಅಂದರೂ ಒಪ್ಪುತ್ತಾರೆ. ಮೂರೇ ದಿನವಾದರೂ ದಿನಕ್ಕೆ ಇಬ್ಬರು ರೋಗಿಗಳಿಗೆ ಹಿರಿಯರ ಜೊತೆ ನಿಂತರೆ ಎರಡು ತಿಂಗಳಲ್ಲಿ ಸುಮಾರು 50 ಮೈ ಆಗುತ್ತದೆ. ಕ್ಲಾಸಿನ ನಾಲ್ಕರ ಜೊತೆ ಹೋಲಿಸಿ ನೋಡಿ.

ಸಂಸ್ಥೆಯವರ ಹತ್ತಿರ ಇನ್ನೊಂದು ಮಾತು ಕೇಳಬಹುದು. ಒಂಬತ್ತರಲ್ಲಿ ನನಗೆ ಅಭ್ಯಂಗ, ಪೊಡಿಕ್ಕಿಳಿ, ಇಲಕ್ಕಿಳಿ ಮೂರು ಸಾಕು, ಉಳಿದವು ನಡೆಯುವಾಗಲೂ ಇನ್ನೊಂದು ಮೇಜಿನಲ್ಲಿ ಇವನ್ನೇ ಮಾಡುತ್ತೇನೆ ಅಂತ. 24 ಗಂಟೆ ಮೂರಕ್ಕೆ ಹಂಚಿದರೆ ಎಂಟೆಂಟು ಗಂಟೆ ಬರುತ್ತದೆ. ಆರಂಭಕ್ಕೆ ಇದು ಕಡಿಮೆಯೇನಲ್ಲ. ಅಭ್ಯಂಗ ಚೆನ್ನಾಗಿ ಬಂದವರಿಗೆ ಉಳಿದವು ಬೇಗ ಹತ್ತುತ್ತವೆ.

ಮುಂದೆ ಮಕ್ಕಳು ದೊಡ್ಡವರಾದ ಮೇಲೆ ಸರ್ಕಾರದ ಆಯುರ್ವೇದ ಥೆರಪಿಸ್ಟ್ ಕೋರ್ಸಿನ ಯೋಚನೆ ಇಟ್ಟುಕೊಳ್ಳಿ. ಕೇರಳದ ಆಯುರ್ವೇದ ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯದ್ದು, ಒಂದು ವರ್ಷ, ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಸರ್ಕಾರಿ ಆಸ್ಪತ್ರೆಯ ಹುದ್ದೆಗೆ ಅರ್ಜಿ ಹಾಕಲು 21 ದಿನದ ಸರ್ಟಿಫಿಕೇಟ್ ನಡೆಯುವುದಿಲ್ಲ.

ಮಧೂರಿನಿಂದ

ನಾನು ಈ ಕೆಲಸದವಳಲ್ಲ. ಮಾಡಿಸಿಕೊಂಡವರ ಮನೆಯವಳು. ಅಮ್ಮನಿಗೆ ಪಾರ್ಶ್ವವಾಯು ಆದ ಮೇಲೆ ವೈದ್ಯರು ಬರೆದುಕೊಟ್ಟು ಮನೆಗೆ ಥೆರಪಿಸ್ಟ್ ಬರುತ್ತಿದ್ದರು. ಮೊದಲು ಬಂದ ಹುಡುಗಿ ಅಮ್ಮನ ಬಿದ್ದ ಕೈಯನ್ನು ಭುಜದಿಂದ ಎಳೆದು ಎತ್ತುತ್ತಿದ್ದಳು. ಅಮ್ಮ ಮುಖ ಕಿವುಚಿದರೂ ಅವಳಿಗೆ ಕಾಣುತ್ತಿರಲಿಲ್ಲ, ಅವಳ ಗಮನವೆಲ್ಲ ಮುಂದಿನದು ಏನು ಅನ್ನುವುದರ ಮೇಲೆ. ಪಾಪ, ಒಳ್ಳೆಯ ಹುಡುಗಿಯೇ. ಆಮೇಲೆ ಬಂದವರು ಒಂದು ಕೈಯನ್ನು ಭುಜದ ಕೆಳಗೆ ಕೊಟ್ಟು ಇನ್ನೊಂದರಲ್ಲಿ ಮೊಣಕೈ ಹಿಡಿದು ಎತ್ತುತ್ತಿದ್ದರು. ಕಣ್ಣು ಅಮ್ಮನ ಮುಖದ ಮೇಲೆಯೇ ಇರುತ್ತಿತ್ತು. ಅಮ್ಮನಿಗೆ ಆಗ ಮಾತು ಬರುತ್ತಿರಲಿಲ್ಲ. ಅವರು ಬರುವ ಹೊತ್ತಾದರೆ ಬಾಗಿಲಿನ ಕಡೆ ನೋಡುತ್ತಿದ್ದರು.

ಅಕ್ಕಾ, ಯಾವ ಕೋರ್ಸಿಗೆ ಬೇಕಾದರೂ ಸೇರಿ. ಮುಖ ನೋಡಿ ಮಾಡುವುದನ್ನು ಕಲಿಸುತ್ತಾರಾ ಅಂತ ಕೇಳಿ.

ಬೇಕಲದಲ್ಲಿ ಕೆಲಸ ಮಾಡುವವಳು

ಮಧೂರಿನವರ ಮಾತು ಓದಿ ಕಣ್ಣು ತುಂಬಿತು. ಕ್ರಮ ನೆನಪಿಟ್ಟುಕೊಳ್ಳುವುದರಲ್ಲೇ ತಲೆ ಖರ್ಚಾದರೆ ಮಲಗಿದವರ ಕಡೆ ಗಮನ ಹೋಗುವುದಿಲ್ಲ. ಕ್ರಮ ಕೈಗೆ ಇಳಿದ ಮೇಲೆ ಕಣ್ಣಿಗೆ ಬಿಡುವು ಸಿಗುತ್ತದೆ. ಅಭ್ಯಾಸದ ಹೊತ್ತು ಬೇಕಾಗಿರುವುದು ಇದಕ್ಕೇ.

ನೀರ್ಚಾಲಿನ ಓದುಗಿ

ಮತ್ತೆ ಬಂದೆ. ಮನೆಯಲ್ಲಿ ಮಾತಾಡಿದೆ, ಮೇಡಂಗೂ ಫೋನ್ ಮಾಡಿದೆ. ಮೂರೇ ಬಗೆ ಜಾಸ್ತಿ ಮಾಡುತ್ತೇನೆ ಅಂದದ್ದಕ್ಕೆ ಒಪ್ಪಿದರು. ನನ್ನ ಜೊತೆ ಇನ್ನಿಬ್ಬರು ಹೆಂಗಸರು ಅದೇ ಬೇಕು ಅಂದರಂತೆ, ಹಾಗಾಗಿ ಒಂದು ಮೇಜು ನಮ್ಮ ಮೂವರಿಗೆ. ಚಿಕಿತ್ಸಾಲಯಕ್ಕೆ ವಾರಕ್ಕೆ ಮೂರು ದಿನ ಹೋಗಲು ಆಗುತ್ತದೆ, ಬಸ್ಸಿನ ಖರ್ಚು ಕೊಡುತ್ತಾರಂತೆ. ಆಟಿಯ ಕೆಲಸದ ಆಸೆ ಬಿಟ್ಟೆ. ಸೇರುವುದು ಅಂತ ತೀರ್ಮಾನ ಮಾಡಿದ್ದೇನೆ.

ಕೊನೆಗೆ ಎರಡು ಪ್ರಶ್ನೆ. ಮನೆಯಲ್ಲಿ ಯಾರ ಮೇಲೆ ಅಭ್ಯಾಸ ಮಾಡಬಹುದು? ಅತ್ತೆ, ನಾದಿನಿ, ಪಕ್ಕದ ಮನೆಯ ಅಜ್ಜಿ ಎಲ್ಲರೂ ತಯಾರಿದ್ದಾರೆ. ನಾದಿನಿಗೆ ಈಗ ನಾಲ್ಕು ತಿಂಗಳು. ಮತ್ತೆ, ಮಂಚ ತಗ್ಗು ಇದೆ, ಬೆನ್ನು ನೋಯುವುದಿಲ್ಲವಾ?

ಕುಂಬಳೆಯ ಥೆರಪಿಸ್ಟ್

ಬಹಳ ಸಂತೋಷವಾಯಿತು.

ನಾದಿನಿಯನ್ನು ಬಿಟ್ಟುಬಿಡಿ. ಬಸುರಿಗೆ ಮಾಡುವುದು ಬೇರೆ ತರಬೇತಿ, ಈಗ ಖಂಡಿತ ಬೇಡ. ಅತ್ತೆಗೆ ಬಿಪಿ, ಸಕ್ಕರೆ, ಕಾಲಿನಲ್ಲಿ ಉಬ್ಬಿದ ನರ ಇದೆಯಾ ಅಂತ ಮೊದಲು ಕೇಳಿ. ಇದ್ದರೆ ಅವರ ವೈದ್ಯರ ಹತ್ತಿರ ವಿಚಾರಿಸಿ ಆಮೇಲೆ ಮಾಡಿ. ಅಜ್ಜಿಗೆ ಕೈ ಮತ್ತು ಪಾದ ಮಾತ್ರ ಸಾಕು, ಹಗುರವಾಗಿ, ಎಣ್ಣೆ ಜಾಸ್ತಿ ಹಾಕಿ. ಪಾದಕ್ಕೆ ಎಣ್ಣೆ ಹಚ್ಚಿದ ಮೇಲೆ ಒರೆಸದೆ ಎದ್ದು ನಡೆಯಲು ಬಿಡಬೇಡಿ, ಜಾರುತ್ತಾರೆ. ಬೆನ್ನುಮೂಳೆಯ ಮೇಲೆ ಯಾರಿಗೂ ನೇರ ಒತ್ತಬೇಡಿ, ಎರಡು ಪಕ್ಕದಲ್ಲಿ ಮಾತ್ರ. ಕಿಳಿಯನ್ನು ಮನೆಯಲ್ಲಿ ಮಾಡಲೇಬೇಡಿ, ಚಿಕಿತ್ಸಾಲಯದಲ್ಲಿ ಕಲಿತ ಮೇಲೆ ನೋಡೋಣ.

ತಗ್ಗು ಮಂಚ ಬೇಡ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ನಿಮ್ಮ ಬೆರಳಿನ ಗೆಣ್ಣು ಮೇಜಿಗೆ ತಾಗಬೇಕು, ಅಷ್ಟು ಎತ್ತರ ಸರಿ. ಗಟ್ಟಿಯಾದ ಊಟದ ಮೇಜಿದ್ದರೆ ಅದರ ಮೇಲೆ ಚಾಪೆ, ದಪ್ಪ ಬೆಡ್‌ಶೀಟ್ ಹಾಸಿ. ಮೊದಲು ಅಲುಗಾಡಿಸಿ ನೋಡಿ, ಮನೆಯ ಭಾರದವರು ಕುಳಿತರೂ ಕಾಲು ಕದಲಬಾರದು. ಮೇಜು ಇಲ್ಲದಿದ್ದರೆ ಅವರನ್ನು ಸ್ಟೂಲಿನಲ್ಲಿ ಕೂರಿಸಿ ಭುಜ, ತೋಳು, ಬೆನ್ನಿನ ಮೇಲ್ಭಾಗ ಮಾಡಿ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನಿಂತು ಮೈಭಾರ ಮುಂದಕ್ಕೆ ಬಿಡಿ. ತೋಳಿನ ಬಲ ಬೇಡ. ಹೆಬ್ಬೆರಳಿನ ಬುಡದಲ್ಲಿ ನೋವು ಬಂದರೆ ಆ ದಿನ ನಿಲ್ಲಿಸಿ, ಮಾರನೆಯ ದಿನ ಮೇಡಂಗೆ ನಿಮ್ಮ ಕೈ ತೋರಿಸಿ.